ಹಗೇವಿನ ಬಾಯಿಗೆ ಅಡ್ಡ ಕುಳಿತವಳು

ಈಗ ನನ್ನನ್ನು ಎಲ್ಲರೂ ಶಾಣ್ಯಾ ಮುದುಕಿ ಅನ್ನುತ್ತಾರೆ. ಹೊಲ ಕೊಳ್ಳುವ ಮೊದಲು, ಸಂಬಂಧ ಗೊತ್ತು ಮಾಡುವ ಮೊದಲು ಮೊಮ್ಮಕ್ಕಳು ನನ್ನ ಹತ್ತಿರ ಬಂದು ಕೂರುತ್ತಾರೆ. ನನಗೆ ಒಳಗೊಳಗೇ ನಗು. ತಲೆ ಬೆಳ್ಳಗಾದ ಮಾತ್ರಕ್ಕೆ ಬುದ್ಧಿ ಬರುವುದಿದ್ದರೆ ನಮ್ಮ ಹೊಲದ ಕೊಕ್ಕರೆಗಳೆಲ್ಲ ಊರ ಪಂಚರಾಗಬೇಕಿತ್ತು. ನನಗೆ ಅಷ್ಟಿಷ್ಟು ಬುದ್ಧಿ ಬಂದದ್ದು ಒಂದು ಕೂದಲೂ ನರೆಯುವ ಮೊದಲು, ಬಬಲೇಶ್ವರದ ನಮ್ಮ ಮನೆಯ ಹಿತ್ತಲಲ್ಲಿ, ಒಂದು ಹಗೇವಿನ ಬಾಯಿಯ ಹತ್ತಿರ.

ಹಗೇವು ನೋಡಿದವರೇ ಈಗ ಕಡಿಮೆ. ಅದು ನೆಲದೊಳಗಿನ ಕಣಜ. ಇಬ್ಬರು ಗಂಡಸರು ಒಬ್ಬರ ಹೆಗಲ ಮೇಲೊಬ್ಬರು ನಿಂತಷ್ಟು ಆಳ, ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ನುಸುಳುವಷ್ಟು. ಒಳಗೆ ಸುತ್ತಲೂ ಜೋಳದ ದಂಟು, ಹೊಟ್ಟು ಒತ್ತಿ, ನಡುವೆ ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಆಯಿತು. ವರ್ಷಗಟ್ಟಲೆ ನುಸಿ ಹತ್ತುವುದಿಲ್ಲ. ಡೋಣಿ ಹೊಳೆಯ ಸೀಮೆ ನಮ್ಮದು, ಡೋಣಿ ಹರಿದರೆ ಓಣೆಲ್ಲಾ ಜೋಳ ಎನ್ನುತ್ತಾರೆ. ಬೆಳೆದ ವರ್ಷ ಹೂತಿಟ್ಟು, ಬೇಕಾದ ವರ್ಷ ತೆಗೆಯುವುದು ಹಿರಿಯರ ರೀತಿ.

ನಾನೋ ಶಹರದ ಹುಡುಗಿ. ವಿಜಾಪುರದಲ್ಲಿ, ಅಥಣಿ ರಸ್ತೆಯ ಕಡೆಗೆ ನಮ್ಮ ಮನೆ. ಅಪ್ಪನದು ಸಣ್ಣ ಬಟ್ಟೆಯ ಅಂಗಡಿ. ಜೋಳ ಅಂದರೆ ಬಜಾರದಿಂದ ಚೀಲದಲ್ಲಿ ಬರುವ ಪದಾರ್ಥ ಎಂದೇ ನಾನು ತಿಳಿದಿದ್ದೆ. ಮಹಾಯುದ್ಧ ನಡೆದಿದ್ದ ದಿನಗಳಲ್ಲಿ ನನ್ನ ಮದುವೆಯಾಯಿತು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲಿನ ಮೇಲೆ ಓಡುತ್ತಿದ್ದವು. ಅಂಥದೊಂದರಲ್ಲಿ ಕೂತು, ಹೊಸ ಇಳಕಲ್ ಸೀರೆಗೆಲ್ಲ ಮಸಿ ಹತ್ತಿಸಿಕೊಂಡು, ನಾನು ಬಬಲೇಶ್ವರಕ್ಕೆ ಇಳಿದೆ. ಬೀಳ್ಕೊಡುವಾಗ ಅವ್ವ ಕಿವಿಯಲ್ಲಿ ಒಂದೇ ಮಾತು ಹೇಳಿದ್ದಳು. "ನಿನ್ನ ನಾಲಿಗಿ ಉದ್ದ ಐತಿ ಯವ್ವಾ. ಅತ್ತಿ ಮನ್ಯಾಗ ಕೇಳಿದ್ರ ಹೇಳು, ಕೇಳದಿದ್ರ ಸುಮ್ಮನಿರು."

ನಾಲಿಗೆಯನ್ನು ಹೇಗೋ ಕಟ್ಟಿದೆ. ಮೂಗನ್ನು ಕಟ್ಟಲಾಗಲಿಲ್ಲ. ಹಗೇವಿನ ಜೋಳಕ್ಕೆ ಒಂದು ವಾಸನೆ ಇರುತ್ತದೆ, ಮುಗ್ಗಲು ಮಣ್ಣಿನಂಥದ್ದು. ರೊಟ್ಟಿ ಸುಟ್ಟರೂ ಅದು ಹೋಗುವುದಿಲ್ಲ. ಮೊದಲ ದಿನ ತುತ್ತು ಬಾಯಿಗಿಟ್ಟವಳು ಸೆರಗಿನ ಮರೆಯಲ್ಲಿ ಮೂಗು ಮುಚ್ಚಿಕೊಂಡೆ. ಅದು ನನ್ನ ನಾದಿನಿಯ ಕಣ್ಣಿಗೆ ಬಿತ್ತು. ನನ್ನದೇ ವಯಸ್ಸಿನ ಹುಡುಗಿ ಆಕೆ. ನಗಲಿಲ್ಲ, ಯಾರಿಗೂ ಹೇಳಲಿಲ್ಲ. ಮರುದಿನದಿಂದ ಅಟ್ಟದ ಮೇಲಿನ ಚೀಲದ ಜೋಳದಲ್ಲಿ ಎರಡು ರೊಟ್ಟಿ ಬೇರೆ ಬಡಿದು, ಒಲೆಯ ಹಿಂದೆ ಮುಚ್ಚಿಟ್ಟು ನನಗೆ ಕೊಡತೊಡಗಿದಳು. ನನಗೆ ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ತವರು ನೆನೆದು ಅಳುವಾಗ ಪಕ್ಕದಲ್ಲಿ ಕೂತು ಸುಮ್ಮನೆ ಶೇಂಗಾ ಸುಲಿಯುತ್ತಿದ್ದವಳೂ ಅವಳೇ. ಆ ಮನೆಯಲ್ಲಿ ನಾನು ಬೇರು ಬಿಟ್ಟದ್ದು ಅವಳಿಂದ.

ಅವಳ ಮದುವೆ ಟಿಕೋಟಾದ ಸೋದರತ್ತೆಯ ಮಗನೊಂದಿಗೆ ಗೊತ್ತಾಗಿತ್ತು. ಸೋದರತ್ತೆ ಅಂದರೆ ನಮ್ಮ ಮಾವನವರ ಅಕ್ಕ. ಚಿಕ್ಕಂದಿನಿಂದ ನೋಡಿದ ವರ. ಅವನ ಸುದ್ದಿ ಬಂದರೆ ಸಾಕು, ನಾದಿನಿಯ ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ತೊಡಕು ಇದ್ದದ್ದು ಒಂದೇ, ಆ ಸೋದರತ್ತೆ. ಎತ್ತರದ ಆಳು, ದೊಡ್ಡ ಮೂಗುತಿ, ದೊಡ್ಡ ದನಿ. ಮನಸ್ಸು ಕೆಟ್ಟದ್ದಲ್ಲ, ಶಕುನದ ಹುಚ್ಚು ಮಾತ್ರ ವಿಪರೀತ. ಯಾರೋ ಸೀನಿದರೆಂದು ಊರ ಅಗಸಿ ಬಾಗಿಲಿಂದಲೇ ಬಂಡಿ ಹಿಂದಕ್ಕೆ ಹೊರಳಿಸಿದ ಹೆಂಗಸು. ಹಿರಿಯ ಮಗನಿಗೆ ನೋಡಿದ ಮೊದಲ ಸಂಬಂಧವನ್ನು, ವೀಳ್ಯದ ಹೊತ್ತಿಗೆ ದೇವರ ಮುಂದಿನ ದೀಪ ಆರಿತೆಂದು, ಅಲ್ಲಿಂದಲೇ ಎದ್ದು ಬಂದು ಮುರಿದಿದ್ದಳು. ಆ ಹುಡುಗಿಯ ಮನೆಯವರು ಎಷ್ಟು ಕೈಮುಗಿದರೂ ಕೇಳಿರಲಿಲ್ಲ. ಈ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನಾದಿನಿಗಂತೂ ಬಾಯಿಪಾಠ.

ಆ ವರ್ಷದ ಹೊಸ ಜೋಳದಲ್ಲಿ ದೊಡ್ಡ ಪಾಲು ಸರ್ಕಾರ ಕಡ್ಡಾಯವಾಗಿ ಎತ್ತುವ ಲೆವಿಗೆ ಹೋಗಿತ್ತು. ಮದುವೆಯ ಊಟಕ್ಕೆ ಹಳೆಯ ಹಗೇವು ತೆಗೆಯದೆ ಗತ್ಯಂತರವಿರಲಿಲ್ಲ. ಹೊಸ ಸೊಸೆ ಬಂದಮೇಲೆ ತೆಗೆಯುವ ಮೊದಲ ಹಗೇವಿನ ಪೂಜೆಯನ್ನು ಅವಳೇ ಮಾಡಬೇಕೆನ್ನುವುದು ಆ ಮನೆಯ ಪದ್ಧತಿ. ಅರಿಷಿಣ ಕುಂಕುಮ ಏರಿಸಿ, ದೇವರ ಜಗಲಿಯ ಮೇಲಿನ ದೀಪದಿಂದ ಒಂದು ಪಣತಿ ಹೊತ್ತಿಸಿಕೊಂಡು, ಅದನ್ನು ತಕ್ಕಡಿಯ ಪರಡಿಯಲ್ಲಿಟ್ಟು ಹಗ್ಗ ಕಟ್ಟಿ ಒಳಗೆ ಇಳಿಸಬೇಕು. ಹಿಂದಿನ ದಿನವೇ ಅತ್ತೆ ನನ್ನನ್ನು ಕರೆದು ಹೇಳಿಕೊಟ್ಟರು.

"ದೀಪ ಸಾವಕಾಶ ಇಳಸು. ಕಣ್ಣ ತಗೀಬ್ಯಾಡ. ಏನ ಕಾಣತೈತಿ, ನೋಡಿ ಹೇಳವಾ."

ಯಾಕೆ ನೋಡಬೇಕು, ಏನು ನೋಡಬೇಕು ಅನ್ನಲಿಲ್ಲ. ನಮ್ಮ ಅತ್ತೆ ಮಾತಿನಲ್ಲಿ ಬಹಳ ಜಿಪುಣಿ. ನಾನೂ ಕೇಳಲಿಲ್ಲ, ಅವ್ವನ ಮಾತು ಕಿವಿಯಲ್ಲಿತ್ತಲ್ಲ. ಪೂಜೆಯ ಒಂದು ಭಾಗ ಇರಬೇಕು ಎಂದುಕೊಂಡೆ.

ಬೆಳಿಗ್ಗೆ ಕಲ್ಲು ಸರಿಸಿದರು. ಮರುದಿನದವರೆಗೆ ಬಾಯಿ ತೆರೆದಿಟ್ಟು ಆಮೇಲೆ ಇಳಿಯುವುದೆಂದು ಅತ್ತೆ ಹೇಳಿದ್ದರು. ಆದರೆ ಮಧ್ಯಾಹ್ನಕ್ಕೇ ಟಿಕೋಟಾದ ಬಂಡಿ ಬಂತು. ಸೋದರತ್ತೆ ಕಾಲು ತೊಳೆದವಳೇ ಹಿತ್ತಲಿಗೆ ಬಂದು ಹಗೇವು ನೋಡಿದಳು.

"ನಾಳಿ ಅಮಾಸಿ ಐತಿ. ಅಮಾಸಿ ದಿನಾ ಮದುವಿ ಕಾಳು ಹೊರಗ ತಗೀತಾರೇನು? ಇವತ್ತ ತಗಸೋ ತಮ್ಮಾ," ಎಂದಳು.

ಮಾವನವರು ಅಕ್ಕನ ಮುಂದೆ ಎಂದೂ ಎದುರಾಡಿದವರಲ್ಲ. ಈಗಂತೂ ಅಕ್ಕ ಬೀಗತಿ ಬೇರೆ. ಅತ್ತೆ ಒಳಗೆ, ಬಂದವರ ಊಟದ ಗಡಿಬಿಡಿಯಲ್ಲಿದ್ದರು. ಅಲ್ಲಿಂದಲೇ, "ಮೊದಲ ದೀಪ ಇಳಸ್ಲಿ, ಆಮ್ಯಾಲ ಉಳಿದದ್ದು," ಎಂದು ಕೂಗಿದರು.

ಹಗೇವಿಗೆ ಇಳಿಯಲು ನಿಂತವನು ಜೈನಾಪುರದ ಒಬ್ಬ ಹುಡುಗ, ನಮ್ಮಲ್ಲಿ ವರ್ಷದ ಆಳು. ಅವನ ಹೆಂಡತಿ ಬಸುರಿ, ಅಲ್ಲೇ ಗೋಡೆಯ ನೆರಳಲ್ಲಿ ಕೂತು ಹೊಟ್ಟು ಕೇರುತ್ತಿದ್ದಳು. ಅವರ ನೀರಿನ ಕೊಡ ಬೇರೆ, ಅವರು ಕೂರುವ ಜಾಗ ಬೇರೆ. ನಮ್ಮ ಮನೆಯ ಕಟ್ಟೆ ಹತ್ತಬಾರದವರು ನಮ್ಮ ಅನ್ನದ ಹಗೇವಿಗೆ ಮಾತ್ರ ಇಳಿಯಬೇಕು. ಇದು ಎಂಥ ನ್ಯಾಯ ಎಂದು ಈಗ ಸಿಟ್ಟು ಬರುತ್ತದೆ. ಆಗ ನನಗೆ ಅದು ಕಾಣಲೂ ಇಲ್ಲ.

ಪೂಜೆ ಮಾಡಿದೆ. ಬಗ್ಗಿ ಪರಡಿಯನ್ನು ಮೆಲ್ಲಗೆ ಬಿಟ್ಟೆ. ಬಾಯಿ ಎಷ್ಟು ಕಿರಿದೆಂದರೆ ಬಗ್ಗಿದವಳ ತಲೆಯೇ ಅದಕ್ಕೆ ಮುಚ್ಚಳ. ಬೇರೆ ಯಾರಿಗೂ ಒಳಗಿನದು ಕಾಣುವಂತಿರಲಿಲ್ಲ. ದೀಪ ಒಂದಿಷ್ಟು ದೂರ ಚೆನ್ನಾಗಿ ಉರಿಯಿತು. ಆಮೇಲೆ ನೀಲಿಯಾಯಿತು, ಕುಗ್ಗಿತು, ಹೋಗಿಬಿಟ್ಟಿತು.

ದೇವರ ಜಗಲಿಯಿಂದ ತಂದ ದೀಪ. ಮದುವೆ ಮನೆ. ಬಂದು ವರ್ಷ ತುಂಬದ ಸೊಸೆಯ ಕೈ. ಹಿಂದೆ ನಿಂತವಳು ದೀಪ ಆರಿತೆಂದು ಸಂಬಂಧ ಮುರಿದು ಬಂದ ಹೆಂಗಸು. ಈಗ ಬಾಯಿ ಬಿಟ್ಟರೆ ನನ್ನ ಕಾಲ್ಗುಣ ಕೆಟ್ಟದ್ದೆಂದು ಊರಿಗೆಲ್ಲ ಆಗುವುದಂತೂ ಸರಿಯೇ. ಅದಕ್ಕಿಂತ ಹೆಚ್ಚಾಗಿ, ನನಗೆ ರೊಟ್ಟಿ ಮುಚ್ಚಿಟ್ಟು ಕೊಟ್ಟ ಹುಡುಗಿಯ ಮದುವೆ ಇಲ್ಲೇ ಈ ಹಿತ್ತಲಲ್ಲೇ ಮುಗಿಯುತ್ತಿತ್ತು. ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಏನೂ ಗೊತ್ತಿಲ್ಲದೆ ನಗುತ್ತಿದ್ದಳು.

"ಏನಾತವಾ? ಆತಿಲ್ಲೋ ಪೂಜಿ?" ಎಂದಳು ಸೋದರತ್ತೆ.

ಹೂಂ ಅಂದರೆ ಮುಗಿಯುತ್ತಿತ್ತು. ಪೂಜೆಯೇನೋ ಆಗಿತ್ತು, ಸುಳ್ಳೂ ಅಲ್ಲ. ಸುಮ್ಮನಿರು ಎಂದಿದ್ದಳು ಅವ್ವ. ನೋಡಿ ಹೇಳು ಎಂದಿದ್ದರು ಅತ್ತೆ. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದವರು. ಇಬ್ಬರ ಮಾತನ್ನೂ ಒಟ್ಟಿಗೆ ನಡೆಸುವುದು ಆ ಕ್ಷಣ ಸಾಧ್ಯವಿರಲಿಲ್ಲ. ನನ್ನ ಪಕ್ಕದಲ್ಲೇ ಆ ಹುಡುಗ ರುಮಾಲು ಬಿಚ್ಚಿಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ಕಾಲು ಎರಡನ್ನೂ ಹಗೇವಿನೊಳಗೆ ಇಳಿಬಿಟ್ಟ. ಕೆಟ್ಟ ಗಾಳಿಯ ವಿಷಯ ನನಗೆ ಗೊತ್ತಿರಲಿಲ್ಲ, ದೇವರಾಣೆ. ನನಗೆ ಅನಿಸಿದ್ದು ಇಷ್ಟೇ: ಆ ದೀಪ ಎಲ್ಲಿ ಹೋಯಿತೋ ಅಲ್ಲಿಗೇ ಇವನ ಕಾಲುಗಳೂ ಹೊರಟಿವೆ. ಅಷ್ಟು ಹೊತ್ತಿಗೆ ಅವನ ಹೆಂಡತಿ ಮೊರ ಕೆಳಗಿಟ್ಟು, ಬೆವರು ಒರೆಸಿಕೊಂಡು, ನನ್ನನ್ನು ನೋಡಿದಳು.

"ಇಳೀಬ್ಯಾಡೋ," ಅಂದೆ. "ದೀಪ ಆರೇತಿ."

ಸೋದರತ್ತೆ ಹಣೆ ಬಡಿದುಕೊಂಡಳು. "ಏನ ಮಾತು ಬೇ ಇದು, ಮದುವಿ ಮನ್ಯಾಗ! ಎಣ್ಣಿ ಹಾಕೂದರ ಗೊತ್ತೈತಿಲ್ಲೋ ಈ ಶಹರದಾಕಿಗೆ? ಕೈ ನಡುಗಿ ಆರಿಸ್ಯಾಳ, ಕೈ ನಡುಗಿ! ಏ, ನೀ ಇಳಿಯೋ."

"ಇಳೀತೇನ್ರಿ ಅವ್ವಾರ, ಏನಾಗೂದೈತಿ," ಎಂದು ಅವನು ನಕ್ಕ. ನಗುವುದು ಅವನ ಸ್ವಭಾವ.

ನನ್ನ ಮಾತಿಗೆ ಆ ಮನೆಯಲ್ಲಿ ಇನ್ನೂ ತೂಕ ಬಂದಿರಲಿಲ್ಲ. ಮೈಗೆ ಒಂದಿಷ್ಟು ತೂಕ ಇತ್ತು. ಅವನ ತೋಳು ಹಿಡಿದು ಈಚೆ ಎಳೆದು, ಹಗೇವಿನ ಬಾಯಿಗೆ ಅಡ್ಡ ಕಾಲು ಚಾಚಿ ಕುಳಿತುಬಿಟ್ಟೆ. ಮಾವನವರ ಎದುರಿಗೆ, ಬೀಗರ ಎದುರಿಗೆ, ತಲೆಯ ಮೇಲಿನ ಸೆರಗು ಜಾರಿ, ಹೊಸ ಸೀರೆಯೆಲ್ಲ ಮಣ್ಣಾಗಿ. ಅದನ್ನು ಧೈರ್ಯ ಅನ್ನಲಾರೆ. ಬೇರೇನೂ ತಿಳಿಯದೆ ಕುಳಿತೆ, ಅಷ್ಟೇ. ಮಾವನವರು ಮುಖ ಆಚೆ ತಿರುಗಿಸಿದರು. ಕಿಟಕಿಯಲ್ಲಿ ನಾದಿನಿಯ ನಗು ಹೋಗಿತ್ತು.

ಗದ್ದಲ ಕೇಳಿ ಅತ್ತೆ ಹೊರಗೆ ಬಂದರು. ಕೈಗೆ ಹಿಟ್ಟು ಮೆತ್ತಿತ್ತು. ನನ್ನನ್ನು ನೋಡಿದರು, ಅವನನ್ನು ನೋಡಿದರು. ಈಗ ಬೈಗುಳ ಬಿತ್ತು ಎಂದು ನಾನು ಕಣ್ಣು ಮುಚ್ಚಿದೆ.

"ಎಲ್ಲಿಗೆ ಹೋಗಿ ಆರಿತವಾ?"

"ಅರ್ಧಕ್ರಿ ಅತ್ತಿ. ಮೊದಲ ನೀಲಿ ಆತು, ಆಮ್ಯಾಲ ಹೋತು."

ಅತ್ತೆ ಒಳಗೆ ಹೋಗಿ ಮತ್ತೊಂದು ಪಣತಿ ತಂದರು. ತುಂಬ ಎಣ್ಣೆ, ದಪ್ಪ ಬತ್ತಿ. ಅದನ್ನು ತಾವು ಇಳಿಸಲಿಲ್ಲ, ನನ್ನ ಕೈಗೂ ಕೊಡಲಿಲ್ಲ. ಸೋದರತ್ತೆಯ ಮುಂದೆ ಹಿಡಿದರು. "ಅಕ್ಕಾರ, ಈ ದೀಪ ನೀವ ಇಳಸ್ರಿ. ನಿಮ್ಮ ಕೈ ಏನೂ ನಡಗೂದಿಲ್ಲ."

ನಾನು ಕಾಲು ತೆಗೆದೆ. ಸೋದರತ್ತೆ ಗೊಣಗುತ್ತ ಬಗ್ಗಿದಳು, ಹಗ್ಗ ಬಿಟ್ಟಳು. ಆಮೇಲೆ ಗೊಣಗಾಟ ನಿಂತಿತು. ಬಹಳ ಹೊತ್ತು ತಲೆ ಎತ್ತಲಿಲ್ಲ. ಪರಡಿ ಮೇಲೆ ಬಂದಾಗ ಪಣತಿಯ ತುಂಬ ಎಣ್ಣೆ ಇತ್ತು, ದೀಪ ಇರಲಿಲ್ಲ.

"ಒಳಗ ಗಾಳಿ ಕೆಟ್ಟೈತ್ರಿ ಅಕ್ಕಾರ," ಎಂದರು ಅತ್ತೆ, ದನಿ ಏರಿಸದೆ. "ದೀಪಕ್ಕ ಇಲ್ಲದ ಉಸಿರು ಮನುಷ್ಯಾಗ ಎಲ್ಲಿಂದ ಬರತೈತಿ? ಆಕಿ ಹೇಳದ ಇದ್ದಿದ್ರ ಇವತ್ತ ಈ ಮನ್ಯಾಗ ಖರೇ ಅಪಶಕುನ ಆಗತಿತ್ತು."

ಸೋದರತ್ತೆ ಹೋಗಿ ಬೇವಿನ ಗಿಡದ ಕೆಳಗೆ ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚತೊಡಗಿದಳು. ಹಚ್ಚಿದ ಎಲೆಗೇ ಮತ್ತೆ ಹಚ್ಚಿದಳು. ದೀಪ ಒಂದಲ್ಲ, ಎರಡು ಆರಿದ್ದವು; ಎರಡನೆಯದು ಅವಳ ಕೈಯಲ್ಲೇ. ನಾದಿನಿ ಬಾಗಿಲಿಗೆ ಬಂದು ನಿಂತಿದ್ದಳು, ಚೌಕಟ್ಟು ಹಿಡಿದ ಬೆರಳು ಬೆಳ್ಳಗಾಗಿದ್ದವು. ನಾನು ಆ ಹೊತ್ತಿನಲ್ಲಿ ಬೇಡಿಕೊಂಡಷ್ಟು ದೇವರನ್ನು ನನ್ನ ಹೆರಿಗೆಗಳಲ್ಲೂ ಬೇಡಿಕೊಂಡಿಲ್ಲ.

ಕೊನೆಗೆ ಸೋದರತ್ತೆ ಆ ಬಸುರಿಯ ಕಡೆ ನೋಡಿದಳು. "ಎಷ್ಟರಾಗ ಅದೀಯವಾ?"

"ಏಳರಾಗ್ರಿ."

ಸೋದರತ್ತೆ ಎಲೆ ಬಾಯಿಗಿಟ್ಟುಕೊಂಡಳು. "ನಮ್ಮ ಟಿಕೋಟಾದ ಮನ್ಯಾಗೂ ಹಗೇವು ಅದಾವು. ಯಾರೂ ಹಿಂಗ ಅಡ್ಡ ಕುಂತದ್ದು ನಾ ಕಂಡಿಲ್ಲ," ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲಲ್ಲಿದ್ದ ನಾದಿನಿಯ ಕಡೆ ತಿರುಗಿದಳು. "ಕೇಳಿದಿಲ್ಲ? ನಮ್ಮ ಮನಿಗೆ ಬಂದಮ್ಯಾಗ ನೀನೂ ನೋಡಿ ಹೇಳಬೇಕು ಮತ್ತ."

ನಾದಿನಿ ಒಳಗೆ ಓಡಿಹೋದಳು. ಅತ್ತಳೋ ನಕ್ಕಳೋ, ಎರಡೂ ಇರಬೇಕು. ಅದೇ ಸಂಜೆ ಸೋದರತ್ತೆ ಹಗೇವಿನ ನಾಲ್ಕೂ ದಿಕ್ಕಿಗೆ ನಿಂಬೆಹಣ್ಣು ಕೊಯ್ದಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಅಮಾವಾಸ್ಯೆ ಕಳೆಯುವವರೆಗೆ ಬೇವಿನ ಟೊಂಗೆಗಳ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಗಾಳಿ ಆಡಿಸಿದರು. ಪಾಡ್ಯದ ದಿನ ಮತ್ತೆ ನಾನೇ ದೀಪ ಇಳಿಸಿದೆ. ತಳದವರೆಗೂ ಹೋಗಿ, ಜೋಳದ ರಾಶಿಯ ಮೇಲೆ ನಿಂತು, ಸ್ಥಿರವಾಗಿ ಉರಿಯಿತು. ಅವನು ಇಳಿದ. ಮೊದಲ ಬುಟ್ಟಿ ಮೇಲೆ ಬಂದಾಗ ಅದನ್ನು ನನ್ನ ಮುಂದಿಡಲು ಕೆಳಗಿನಿಂದಲೇ ಕೂಗಿ ಹೇಳಿದ. ಅವನ ಹೆಂಡತಿ ಬುಟ್ಟಿಯಿಂದ ಒಂದು ಹಿಡಿ ಜೋಳ ತೆಗೆದು ನನ್ನ ಉಡಿಯಲ್ಲಿ ಹಾಕಿದಳು. ಜೋಳ ನಮ್ಮದೇ, ನಿಜ. ಆದರೂ ಅಷ್ಟು ದೊಡ್ಡ ಉಡಿ ನನಗೆ ಆಮೇಲೆ ಯಾರೂ ತುಂಬಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಹೆಂಗಸರು ಬೀಸುವಾಗ ಹಗೇವಿಗೆ ಅಡ್ಡ ಕುಳಿತವಳ ಮೇಲೆ ಹಾಡು ಕಟ್ಟಿ ಹಾಡಿ ನನ್ನ ಮಾನ ತೆಗೆದರು. ನಾನು ಮಾತ್ರ ಒಂದು ಸಿಟ್ಟು ಒಳಗಿಟ್ಟುಕೊಂಡಿದ್ದೆ. ಬೀಗರು ಹೋದಮೇಲೆ ಅತ್ತೆಯನ್ನು ಕೇಳಿಯೇಬಿಟ್ಟೆ. "ದೀಪ ಯಾಕ ಇಳಸ್ತಾರಂತ ಮೊದಲ ಹೇಳಿದ್ರ ಏನಾಗತಿತ್ರಿ?"

ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಅಂಜಿಕಿ ಹಾಕಿ ಕಳಿಸಿದ್ರ ನೀ ಅಂಜಿಕೊಂಡ ನೋಡತಿದ್ದಿ. ಅಂಜಿದವರಿಗೆ ಇಲ್ಲದ್ದೂ ಕಾಣತೈತಿ. ಆದ್ರೂ ಯವ್ವಾ, ನಾ ಹೇಳಬೇಕಾಗಿತ್ತು. ಹಿರೇರ ಅಂದ್ರ ತಪ್ಪೂದಿಲ್ಲೇನು?"

ಸೊಸೆಯ ಮುಂದೆ ತಪ್ಪು ಒಪ್ಪುವ ಅತ್ತೆಯನ್ನು ಆ ಕಾಲದಲ್ಲಿ ನೀವು ಎಷ್ಟು ಜನ ನೋಡಿದ್ದೀರಿ? ನಾನು ಇವರೊಬ್ಬರನ್ನೇ ನೋಡಿದೆ. ಅಂದಿನಿಂದ ಮನೆಯ ಯಾವ ಮಾತಿಗಾದರೂ ನನ್ನ ಕಡೆ ತಿರುಗಿ, "ನೋಡಿ ಹೇಳವಾ," ಅನ್ನುತ್ತಿದ್ದರು. ನಾನು ಹೇಳಿದ್ದೆಲ್ಲ ಸರಿ ಇರುತ್ತಿರಲಿಲ್ಲ. ಹೊಟ್ಟೆ ಜೋತು ಬಿದ್ದಿದೆ, ಬೇಡವೆಂದು ನಾನು ಕೊಳ್ಳಗೊಡದ ಒಂದು ಹೋರಿ ಪಕ್ಕದ ಓಣಿಗೆ ಹೋಗಿ ಊರಿಗೇ ಹೆಸರಾಯಿತು. ಅದು ಎದುರಿಗೆ ಬಂದಾಗಲೆಲ್ಲ ಮಾವನವರು ನನಗೆ ಕೇಳುವಂತೆ ಕೆಮ್ಮುತ್ತಿದ್ದರು. ಕಂಡದ್ದನ್ನೆಲ್ಲ ಹೇಳಿ ಪೆಟ್ಟು ತಿಂದದ್ದೂ ಉಂಟು. ನಿಧಾನಕ್ಕೆ ತಿಳಿಯಿತು, ಅವ್ವನ ಮಾತೂ ಸುಳ್ಳಲ್ಲ, ಅದಕ್ಕೂ ಒಂದು ಹೊತ್ತಿದೆ. ಬಾಯಿ ತೆರೆಯುವ ಮೊದಲು ನಾನು ಸುಮ್ಮನಿದ್ದರೆ ಯಾರಿಗೆ ಕೇಡು ಎಂದು ಕೇಳಿಕೊಳ್ಳುತ್ತೇನೆ. ಕೇಡು ಬರೀ ನನ್ನ ಜಂಬಕ್ಕಾದರೆ ಸುಮ್ಮನಾಗುತ್ತೇನೆ. ನನ್ನ ಶಾಣ್ಯಾತನ ಅಂದರೆ ಇಷ್ಟೇ.

ಸ್ವಾತಂತ್ರ್ಯ ಬಂದ ಮರುವರ್ಷ ಅತ್ತೆಗೆ ಹೊಟ್ಟೆಯ ಬೇನೆ ಹತ್ತಿತು. ವಿಜಾಪುರಕ್ಕೆ ಕರೆದೊಯ್ದು, ನನ್ನ ತವರಿನಲ್ಲೇ ಇಟ್ಟುಕೊಂಡು ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಇನ್ನು ಕೆಲವೇ ತಿಂಗಳು ಎಂದು ಹೇಳಿದರು. ಅತ್ತೆಗೆ ಮಾತ್ರ ಯಾರೂ ಹೇಳಬಾರದೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದರು. ಬಬಲೇಶ್ವರಕ್ಕೆ ಮರಳಿದಮೇಲೆ ಬಂದವರೆಲ್ಲ, "ಆರಾಮ ಆಗತೀರಿ, ಈ ಸುಗ್ಗಿಗೆ ಎದ್ದು ಓಡ್ಯಾಡತೀರಿ," ಅನ್ನುತ್ತಿದ್ದರು. ಅತ್ತೆ ಹೂಂ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಅತ್ತೆ ನನ್ನ ಕೈ ಹಿಡಿದರು.

"ಎಲ್ಲಾರೂ ಒಂದೊಂದು ಹೇಳಾಕತ್ತಾರ. ನೀ ನೋಡಿ ಹೇಳವಾ."

ಮನೆಯವರೆಲ್ಲ ಬೇಡವೆಂದದ್ದು. ನನ್ನ ಗಂಡ ಕಣ್ಣೀರು ಹಾಕಿ ಬೇಡವೆಂದದ್ದು. ಸುಮ್ಮನಿದ್ದರೆ ಯಾರಿಗೆ ಕೇಡು ಎಂದು ಕೇಳಿಕೊಂಡೆ. ಉತ್ತರ ನನ್ನ ಕೈ ಹಿಡಿದೇ ಕೂತಿತ್ತು. ನಾನು ಹೇಳಿದೆ.

"ಈ ಸುಗ್ಗಿ ಕಾಣೂದಿಲ್ರಿ ಅತ್ತಿ."

ಹೇಳಿ, ಅವರ ಕಾಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು. "ಹಂಗಾದ್ರ ಕೆಲಸ ಭಾಳ ಅದಾವು. ಅಳಬ್ಯಾಡ, ಏಳು," ಎಂದರು.

ಆ ದಿನಗಳನ್ನು ಅವರು ಹೇಗೆ ಬಳಸಿದರೆಂದು ನೆನೆದರೆ ಈಗಲೂ ಕೈಮುಗಿಯುವಂತಾಗುತ್ತದೆ. ಟಿಕೋಟಾಕ್ಕೆ ಬಂಡಿ ಕಳಿಸಿ ಮಗಳನ್ನೂ ಸೋದರತ್ತೆಯನ್ನೂ ಕರೆಸಿಕೊಂಡರು. ಆ ಮುದುಕಿ ಒಂದು ಶಕುನದ ಮಾತೂ ಆಡದೆ ಹಗಲೆಲ್ಲ ಕೈ ಹಿಡಿದು ಕೂತಿದ್ದಳು. ಜೈನಾಪುರದ ಆ ಹುಡುಗನನ್ನು, ಅವನ ಹೆಂಡತಿಯನ್ನು, ಆ ವರ್ಷ ಹುಟ್ಟಿ ಈಗ ಓಡಾಡುತ್ತಿದ್ದ ಹೆಣ್ಣುಮಗುವನ್ನು ಕರೆಸಿ, ಕಟ್ಟೆ ಹತ್ತಿಸಿ, ತಮ್ಮ ಹೊರಸಿನ ಪಕ್ಕದಲ್ಲೇ ಕೂರಿಸಿಕೊಂಡು ಊಟಕ್ಕೆ ಹಾಕಿಸಿದರು. ಮಾವನವರು ಏನೋ ಅನ್ನಲು ಬಾಯಿ ತೆರೆದು ಮುಚ್ಚಿದರು. ನನ್ನ ಗಂಡ ನನ್ನೊಡನೆ ಕೆಲವು ದಿನ ಮಾತು ಬಿಟ್ಟಿದ್ದವರು, ಅವತ್ತು ತಾವೇ ಎಲೆಗೆ ಬಡಿಸಿದರು.

ಒಂದು ದಿನ ಅತ್ತೆ ಹಗೇವಿನ ಜೋಳದ ರೊಟ್ಟಿ ಬೇಕೆಂದರು. ನಾನೇ ಬೀಸಿ, ನಾನೇ ಬಡಿದು, ಬಿಸಿ ಇರುವಾಗಲೇ ಬೆಣ್ಣೆ ಹಚ್ಚಿ ಒಯ್ದೆ. ಮುರಿದು ತುತ್ತು ಮಾಡಿ ಬಾಯಿಗಿಡಲು ಹೋದರೆ, ಅವರು ಮೊದಲು ಅದನ್ನು ಮೂಸಿ, ನನ್ನನ್ನು ನೋಡಿ ನಕ್ಕರು.

"ಮೂಗು ಮುಚ್ಚಿಕೊಳ್ಳಾಕಿ ಈಗ ಮುಚ್ಚಿಕೊಳ್ಳೂದಿಲ್ಲೇನು? ಒಲಿ ಹಿಂದ ಬ್ಯಾರೆ ರೊಟ್ಟಿ ಇಡಸತಿದ್ದೆನಲ್ಲ ನಾ."

ನಾದಿನಿ ಕದ್ದು ಕೊಡುತ್ತಾಳೆಂದು ನಾನು ತಿಂದ ರೊಟ್ಟಿಗಳು ಅವು. ಅತ್ತೆ ತಾವೂ ಕಂಡದ್ದನ್ನು ಅಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದರು. ಅರ್ಧ ರೊಟ್ಟಿ ಅವರಿಗೆ ತಿನ್ನಿಸಿದೆ, ಉಳಿದರ್ಧ ಅಲ್ಲೇ ಕೂತು ನಾನು ತಿಂದೆ.